ಹಳೇ ಇಂಗ್ಲಿಷ್ ವೈದ್ಯ ಪುಸ್ತಕಗಳಲ್ಲಿ ಕ್ರಿಯೆಗೆ ಹೆಸರು ಕಟ್ತಿದ್ದದ್ದು ಹೇಗೆ, ಅದನ್ನ ನಾವು ಬಿಡಿಸಿ ನೋಡೋದು ಹೇಗೆ

ಶಾಲೆ ವ್ಯಾಕರಣದಲ್ಲಿ ಕೃದಂತ ಭಾವನಾಮ ಅಂತ ಓದಿರ್ತೀರಲ್ಲ, ನೋಡು–ನೋಟ, ಓಡು–ಓಟ, ಅಳಿ–ಅಳಿವು, ಬರೆ–ಬರವಣಿಗೆ ಅಂತೆಲ್ಲ, ಅದೇ ಕೆಲಸವನ್ನ ಇಂಗ್ಲಿಷಲ್ಲಿ ಮಾಡೋ ಪದಗಳ ಬಗ್ಗೆ ಇದು. ಅದ್ರಲ್ಲೂ ಸುಮಾರು 10ನೇ ಶತಮಾನದಿಂದ 1700ರವರೆಗಿನ ವೈದ್ಯಕೀಯ ಬರಹದಲ್ಲಿ ಇವು ಹೇಗೆ ಹುಟ್ಟಿದ್ವು, ಒಂದು ಹಳೇ ಪಠ್ಯ ಕೈಗೆ ಸಿಕ್ರೆ ಅದ್ರಲ್ಲಿ ಇವನ್ನ ಹೇಗೆ ಹುಡುಕಿ ಯಾವ ಗುಂಪಿಗೆ ಹಾಕ್ಬೇಕು ಅನ್ನೋದು. ಭಾಷಾಶಾಸ್ತ್ರ ಓದೋರಿಗೆ ಪ್ರಾಜೆಕ್ಟಿಗೆ ಉಪಯೋಗ ಆಗತ್ತೆ, ಉಳಿದೋರು ಸುಮ್ನೆ ಕುತೂಹಲಕ್ಕೆ ಓದ್ಬೋದು.

ವೈದ್ಯಕೀಯನೇ ಯಾಕೆ ಅಂದ್ರೆ, ರಕ್ತ ತೆಗೆಯೋದು, ಭೇದಿ ಮಾಡ್ಸೋದು, ಕೊಯ್ಯೋದು, ಹೊಲಿಯೋದು, ಸುಡೋದು, ಕೀವು ಕಟ್ಟೋದು, ಬಾತ್ಕೊಳ್ಳೋದು, ವಾಂತಿ ಆಗೋದು, ಈ ಎಲ್ಲಾದಕ್ಕೂ ಒಂದು ಹೆಸರು ಇಲ್ದಿದ್ರೆ ಅಧ್ಯಾಯಕ್ಕೆ ತಲೆಬರಹನೇ ಕೊಡಕ್ಕಾಗಲ್ಲ, ಇದಕ್ಕೆ ಮೂರು ಕಾರಣ ಇದೆ, ಇದ್ರಲ್ಲಿ ಎರಡು ವಿಧ ಇದೆ ಅಂತ ಹೇಳಕ್ಕೂ ಆಗಲ್ಲ. ಕತೆ ಹೇಳೋನಿಗೆ ಕ್ರಿಯಾಪದ ಸಾಕು, ಶಾಸ್ತ್ರ ಬರೆಯೋನಿಗೆ ನಾಮಪದ ಬೇಕು. ಹಾಗಾಗಿ ಈ ಪುಸ್ತಕಗಳಲ್ಲಿ ಇಂಥ ಪದಗಳು ರಾಶಿ ರಾಶಿ ಸಿಗ್ತವೆ.

ಮೊದ್ಲು ಮಾಡ್ಬೇಕಾದ ಕೆಲಸ, ನಿಮ್ಮ ಪಠ್ಯ ಯಾವ ಕಾಲದ್ದು ಅಂತ ಗಟ್ಟಿ ಮಾಡ್ಕೊಳ್ಳಿ. 1066ರಲ್ಲಿ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ರಲ್ಲ, ಅದಕ್ಕಿಂತ ಹಿಂದಿನದ್ದಾದ್ರೆ ಲೆಕ್ಕನೇ ಬೇರೆ. ಆ ಕಾಲದ ದೊಡ್ಡ ಪುಸ್ತಕ ಬಾಲ್ಡ್‌ನ ಲೀಚ್‌ಬುಕ್ (ಅಂದ್ರೆ ವೈದ್ಯ ಪುಸ್ತಕ), 10ನೇ ಶತಮಾನದ ಮಧ್ಯಭಾಗದ ಹಸ್ತಪ್ರತಿ, ಈಗ ಬ್ರಿಟಿಷ್ ಲೈಬ್ರರಿಲಿದೆ. ಆಗ ಮುಖ್ಯವಾಗಿ ಎರಡು ಪ್ರತ್ಯಯ, -ಉಂಗ್ ಮತ್ತು -ಇಂಗ್. ‘ಲಾಕ್ನಿಯನ್’ ಅಂದ್ರೆ ಚಿಕಿತ್ಸೆ ಮಾಡು, ಅದ್ರಿಂದ ‘ಲಾಕ್ನುಂಗ್’, ಚಿಕಿತ್ಸೆ. ಇನ್ನೊಂದು ಹಸ್ತಪ್ರತಿಗೆ 1860ರ ದಶಕದಲ್ಲಿ ಕೊಕೇನ್ ಅನ್ನೋ ವಿದ್ವಾಂಸರು ‘ಲಾಕ್ನುಂಗ’ ಅಂತ ಇಟ್ಟ ಹೆಸರು ಇದೇ ಪದದ ಬಹುವಚನ. ಹಾಗೇ ‘ಕ್ಲ್ಯಾನ್ಸುಂಗ್’ ಅಂದ್ರೆ ಶುದ್ಧಿ ಮಾಡೋದು. ದಪ್ಪ ಲೆಕ್ಕದಲ್ಲಿ -ಇಯನ್ ಅಂತ ಮುಗಿಯೋ ಎರಡನೇ ಗುಂಪಿನ ಕ್ರಿಯಾಪದಗಳಿಗೆ -ಉಂಗ್, ಉಳಿದವಕ್ಕೆ -ಇಂಗ್ ಬರತ್ತೆ, ಆದ್ರೆ ಬೆರಕೆ ಬೇಕಾದಷ್ಟಿದೆ, ನಿಯಮ ಅಂತ ಹಿಡ್ಕೊಂಡು ಕೂರ್ಬೇಡಿ. ಆಮೇಲೆ -ಉಂಗ್ ಪೂರ್ತಿ ಸತ್ತುಹೋಗಿ -ಇಂಗ್ ಒಂದೇ ಉಳೀತು.

ಪ್ರತ್ಯಯ ಇಲ್ದೇನೂ ಹೆಸರು ಆಗ್ತಿತ್ತು. ‘ಅಕನ್’ ಅಂದ್ರೆ ನೋಯು, ‘ಎಚೆ’ ಅಂದ್ರೆ ನೋವು, ಅದಕ್ಕೆ ತಲೆ ಸೇರಿಸಿದ್ರೆ ‘ಹೆಆಫೊಡ್ ಎಚೆ’, ಇವತ್ತಿನ ಹೆಡ್ಏಕ್. ತಮಾಷೆ ಅಂದ್ರೆ ಈ ನಾಮಪದದ ಕೊನೇಲಿ ‘ಚ್’ ಉಚ್ಚಾರಣೆ, ಕ್ರಿಯಾಪದದ ಕೊನೇಲಿ ‘ಕ್’ ಉಚ್ಚಾರಣೆ, ಈ ಭೇದ ಸುಮಾರು 1700ರ ತನಕ ಉಳ್ಕೊಂಡಿತ್ತು, ಆಮೇಲೆ ನಾಮಪದದ ಸ್ಪೆಲಿಂಗ್ ಕ್ರಿಯಾಪದದ ಉಚ್ಚಾರಣೆ ಅಂತ ಕಿಚಡಿ ಆಗಿ ಈಗ ನಾವು ಸಿ-ಎಚ್ ಬರೆದು ಕ್ ಅಂತ ಓದ್ತೀವಿ.

1066 ಆದ್ಮೇಲೆ ವಿದ್ಯೆ ಎಲ್ಲಾ ಲ್ಯಾಟಿನ್ ಫ್ರೆಂಚ್ ಪಾಲಾಯ್ತು, ಇಂಗ್ಲಿಷಲ್ಲಿ ಹೊಸದಾಗಿ ವೈದ್ಯ ಗ್ರಂಥ ಬರೆಯೋದು ಹೆಚ್ಚುಕಮ್ಮಿ ನಿಂತೇಹೋಯ್ತು. ಮತ್ತೆ ಜೋರಾಗಿ ಶುರುವಾಗಿದ್ದು 1375ರ ಆಸುಪಾಸು. ಹೆನ್ರಿ ಡೇನಿಯಲ್ ಅನ್ನೋ ಡೊಮಿನಿಕನ್ ಸನ್ಯಾಸಿ ಮೂತ್ರ ಪರೀಕ್ಷೆ ಮೇಲೆ ಇಂಗ್ಲಿಷಲ್ಲೇ ದೊಡ್ಡ ಪುಸ್ತಕ ಬರೆದ. ಪ್ಯಾರಿಸಲ್ಲಿ 1296ರಲ್ಲಿ ಮುಗಿದಿದ್ದ ಲಾನ್‌ಫ್ರಾಂಕ್‌ನ ಶಸ್ತ್ರಚಿಕಿತ್ಸೆ ಗ್ರಂಥ 1400ರ ಸುಮಾರಿಗೆ ಇಂಗ್ಲಿಷಿಗೆ ಬಂತು, ಅವಿನ್ಯೋಂದಲ್ಲಿ ಪೋಪ್‌ಗಳ ವೈದ್ಯನಾಗಿದ್ದ ಗೀ ದ ಶೋಲಿಯಾಕ್ 1363ರಲ್ಲಿ ಬರೆದದ್ದೂ ಬಂತು, ಜಾನ್ ಆರ್ಡೆರ್ನ್ ಅನ್ನೋ ಇಂಗ್ಲಿಷ್ ಸರ್ಜನ್ ತಾನೇ ಲ್ಯಾಟಿನ್ನಲ್ಲಿ ಬರೆದಿದ್ದನ್ನ 15ನೇ ಶತಮಾನದಲ್ಲಿ ಅವನ ಭಾಷೆಗೇ ಅನುವಾದ ಮಾಡ್ಬೇಕಾಯ್ತು. ಇಷ್ಟೆಲ್ಲಾ ಹೇಳಿದ್ದು ಯಾಕಂದ್ರೆ, ಹೆಚ್ಚಿನ ಪಠ್ಯಗಳ ಬೆನ್ನ ಹಿಂದೆ ಒಂದು ಲ್ಯಾಟಿನ್ ಮೂಲ ಇದ್ದೇ ಇರತ್ತೆ, ಹಾಗಾಗಿ ನಿಮಗೆ ಸಿಗೋ ಪ್ರತಿ ಕ್ರಿಯಾನಾಮಕ್ಕೂ ಕೇಳ್ಬೇಕಾದ ಪ್ರಶ್ನೆ ಒಂದೇ: ಇದನ್ನ ಇಂಗ್ಲಿಷಲ್ಲೇ ಕಟ್ಟಿದ್ದಾ, ಇಲ್ಲಾ ಕಟ್ಟಿದ್ದನ್ನೇ ಎತ್ಕೊಂಡು ಬಂದಿದ್ದಾ?

ಇದಕ್ಕೆ ಉತ್ತರ ಹುಡುಕಕ್ಕೆ ಪ್ರತ್ಯಯ ನೋಡೋದು ಸಾಲಲ್ಲ, ಬುಡ, ಅಂದ್ರೆ ಪ್ರತ್ಯಯ ಅಂಟಿರೋ ಮೂಲ ಪದ, ನೋಡ್ಬೇಕು.

-ಇಂಗ್ ಸುಲಭ. ಕ್ರಿಯಾಪದದ ಕೊನೇಗೆ ಅಂಟಿಸಿದ್ರೆ ಮುಗೀತು, ಕ್ರಿಯಾಪದ ಯಾವ ಊರಿಂದ ಬಂದಿದ್ರೂ ಅದಕ್ಕೆ ಚಿಂತೆ ಇಲ್ಲ. ಸ್ವೆಲ್ಲಿಂಗ್, ಬರ್ನಿಂಗ್, ರಾಟಿಂಗ್, ಕ್ಲೆನ್ಸಿಂಗ್ ಇವೆಲ್ಲ ದೇಸಿ ಬುಡ, ಆದ್ರೆ ಪರ್ಜಿಂಗ್ (ಭೇದಿ ಮಾಡ್ಸೋದು) ಇದ್ಯಲ್ಲ, ಅದ್ರ ಬುಡ ಫ್ರೆಂಚಿಂದ ಬಂದದ್ದು, ಬಾಲ ಮಾತ್ರ ದೇಸಿ. 14ನೇ ಶತಮಾನದ ಕವಿ ಚಾಸರ್‌ನ ‘ಕ್ಯಾಂಟರ್ಬರಿ ಕತೆಗಳು’ ಪುಸ್ತಕದಲ್ಲಿ ನೈಟ್ (ಯೋಧ) ಹೇಳೋ ಕತೇಲಿ ಆರ್ಸೈಟ್ ಕುದುರೆ ಮೇಲಿಂದ ಬಿದ್ದು ಎದೇಲಿ ರಕ್ತ ಹೆಪ್ಪುಗಟ್ಟಿ ಸಾಯ್ತಾನೆ, ಅಲ್ಲಿ ಕವಿ ಹೇಳ್ತಾನೆ, ‘ವೇನ್‌ಬ್ಲಡ್’ ಆಗ್ಲಿ ‘ವೆಂಟೂಸಿಂಗ್’ ಆಗ್ಲಿ ಗಿಡಮೂಲಿಕೆ ‘ಡ್ರಿಂಕ್’ ಆಗ್ಲಿ ಅವನಿಗೆ ‘ಹೆಲ್ಪಿಂಗ್’ ಆಗ್ಲಿಲ್ಲ ಅಂತ. ಎರಡೇ ಎರಡು ಸಾಲು, ಅದ್ರಲ್ಲಿ ಕ್ರಿಯೆಗೆ ಹೆಸರು ಕೊಡೋ ಮೂರು ದಾರಿ ಇದಾವೆ ನೋಡಿ. ರಕ್ತನಾಳದಿಂದ ರಕ್ತ ತೆಗೆಯೋ ಕೆಲಸಕ್ಕೆ ಪ್ರತ್ಯಯನೇ ಇಲ್ದೆ ಬರೀ ಸಮಾಸ ಪದ. ಗಾಜಿನ ಬಟ್ಟಲು ಚರ್ಮಕ್ಕೆ ಕವುಚಿ ರಕ್ತ ಎಳೆಯೋ ಕೆಲಸಕ್ಕೆ ಫ್ರೆಂಚ್ ಬುಡಕ್ಕೆ ಇಂಗ್ಲಿಷ್ ಬಾಲ. ಕುಡಿಯೋದಕ್ಕೆ ಕ್ರಿಯಾಪದ ಇದ್ದ ಹಾಗೇ ಎತ್ತಿ ನಾಮಪದ, ಅದೂ ಇಲ್ಲಿ ಕುಡಿಯೋ ಕ್ರಿಯೆ ಅಲ್ಲ, ಕುಡಿಯೋ ವಸ್ತು. ಪಾಠ ಮಾಡಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗಂತೂ ಗೊತ್ತಿಲ್ಲ.

ಇನ್ನು -ಶನ್. ಇದ್ರಲ್ಲೇ ಎಲ್ರೂ ಎಡವೋದು, ಸ್ವಲ್ಪ ನಿಧಾನಕ್ಕೆ ಓದಿ. ಲ್ಯಾಟಿನ್ನಲ್ಲಿ ಈ ಪ್ರತ್ಯಯ ಕ್ರಿಯಾಪದದ ಮೂಲರೂಪಕ್ಕೆ ಅಂಟಲ್ಲ, ಭೂತಕೃದಂತದ ಬುಡಕ್ಕೆ ಅಂಟತ್ತೆ. ‘ಪುರ್ಗಾರೆ’ ಅಂದ್ರೆ ಶುಚಿ ಮಾಡು, ಕೃದಂತದ ಬುಡ ‘ಪುರ್ಗಾತ್’, ಅದ್ರಿಂದ ‘ಪುರ್ಗಾತಿಯೋ’. ಇದ್ರಲ್ಲಿ ಬುಡ ಜಾಸ್ತಿ ಬದಲಾಗಿಲ್ಲ ಅದಕ್ಕೆ ಸುಲಭ ಅನ್ಸತ್ತೆ. ಆದ್ರೆ ‘ಇನ್ಸಿದೆರೆ’, ಕೊಯ್ಯು, ಅದ್ರ ಬುಡ ‘ಇನ್ಸಿಸ್’, ಅದಕ್ಕೇ ಇನ್ಸಿಶನ್. ‘ಸೊಲ್ವೆರೆ’, ಬಿಡಿಸು, ಬುಡ ‘ಸೊಲೂತ್’, ಅದಕ್ಕೇ ಸೊಲ್ಯೂಶನ್, ಶಸ್ತ್ರಚಿಕಿತ್ಸೆ ಪುಸ್ತಕದಲ್ಲಿ ಗಾಯ ಅಂದ್ರೇನು ಅಂತ ವ್ಯಾಖ್ಯೆ ಕೊಡುವಾಗ ‘ಸೊಲ್ಯೂಶನ್ ಆಫ್ ಕಂಟಿನ್ಯುಟಿ’ ಅಂತ ಬರತ್ತಲ್ಲ, ಅಖಂಡವಾಗಿದ್ದ ಮಾಂಸ ಬಿಟ್ಟುಹೋಗೋದು ಅಂತ ಅದ್ರರ್ಥ, ಉತ್ತರ ಗಿತ್ತರ ಏನೂ ಅಲ್ಲ. ‘ಪುತ್ರೆಫಾಸೆರೆ’, ಕೊಳೆಸು, ಬುಡ ‘ಪುತ್ರೆಫಾಕ್ತ್’, ಅಲ್ಲಿಂದ ಪ್ಯೂಟ್ರಿಫ್ಯಾಕ್ಷನ್.

ಇದೇ ಬುಡಕ್ಕೆ ‘-ಊರಾ’ ಅನ್ನೋ ಇನ್ನೊಂದು ಪ್ರತ್ಯಯನೂ ಅಂಟ್ತಿತ್ತು. ಮುರಿ ಅನ್ನೋ ‘ಫ್ರಾಂಗೆರೆ’ಯಿಂದ ಫ್ರ್ಯಾಕ್ಚರ್, ಚುಚ್ಚು ಅನ್ನೋ ‘ಪುಂಗೆರೆ’ಯಿಂದ ಪಂಕ್ಚರ್, ಹೊಲಿ ಅನ್ನೋದ್ರಿಂದ ಸೂಚರ್, ಕಟ್ಟು ಅನ್ನೋದ್ರಿಂದ ಲಿಗೇಚರ್. ಸರ್ಜನ್ನುಗಳ ಪುಸ್ತಕದಲ್ಲಿ ಈ ಗುಂಪು ಗಟ್ಟಿಯಾಗಿ ಕೂತಿದೆ. ಇವು ಇಂಗ್ಲಿಷಲ್ಲಿ ಕಟ್ಟಿದ ಪದಗಳಲ್ಲ, ಇಡೀ ಪದವೇ ಆಮದು. ‘ಮುರಿಯೋದು’ ಅನ್ನೋ ಅರ್ಥದ ‘ಬ್ರೇಕಿಂಗ್’ ಪಕ್ಕದಲ್ಲೇ ಇದ್ರೂ ಫ್ರ್ಯಾಕ್ಚರ್ ಬಂದು ಕೂತ್ಕೊಳ್ತು.

ಈಗ ಪರೀಕ್ಷೆ ಮಾಡೋ ವಿಧಾನ. ಮಿಶಿಗನ್ ಯೂನಿವರ್ಸಿಟಿಯ ಮಿಡಲ್ ಇಂಗ್ಲಿಷ್ ಡಿಕ್ಷನರಿ (ಸುಮಾರು 1100ರಿಂದ 1500ರವರೆಗಿನ ಇಂಗ್ಲಿಷಿನ ನಿಘಂಟು) ಆನ್‌ಲೈನಲ್ಲಿ ಫ್ರೀ ಇದೆ, ಅದನ್ನ ತೆಗೀರಿ. ನಾಮಪದದ ಮೊದಲ ಉಲ್ಲೇಖ ಯಾವಾಗ, ಅದಕ್ಕೆ ಸಂಬಂಧಪಟ್ಟ ಕ್ರಿಯಾಪದದ ಮೊದಲ ಉಲ್ಲೇಖ ಯಾವಾಗ ಅಂತ ಎರಡನ್ನೂ ಬರ್ಕೊಳ್ಳಿ. ಕ್ರಿಯಾಪದ ಇನ್ನೂ ಬಂದೇ ಇಲ್ಲ, ನಾಮಪದ ಆಗ್ಲೇ ಓಡಾಡ್ತಿದೆ ಅಂದ್ರೆ ಅದು ಖಂಡಿತ ಎತ್ಕೊಂಡು ಬಂದ ಪದ. ಎರಡೂ ಒಟ್ಟಿಗೇ ಇದ್ರೆ ಆಗ ಇಂಗ್ಲಿಷ್ ಓದುಗನ ತಲೇಲಿ ಇವೆರಡೂ ಜೋಡಿ ಅಂತ ಹೊಳೆದಿರೋ ಸಾಧ್ಯತೆ ಇದೆ. ಆದ್ರೆ ಇಲ್ಲೊಂದು ಹಳ್ಳ ಇದೆ, ಇವತ್ತಿನ ಕ್ರಿಯಾಪದದ ರೂಪ ಹಾಕಿ ಹುಡುಕಬೇಡಿ. ಉದಾಹರಣೆಗೆ ಎವ್ಯಾಕ್ಯುಏಶನ್ ಮಧ್ಯಕಾಲದಲ್ಲೇ ಇದೆ, ‘ಎವ್ಯಾಕ್ಯುಏಟ್’ ಹುಡುಕಿದ್ರೆ 16ನೇ ಶತಮಾನದಲ್ಲಿ ಸಿಗತ್ತೆ, ಓಹೋ ಕ್ರಿಯಾಪದನೇ ಇರ್ಲಿಲ್ಲ ಅಂತ ಬರೆದುಬಿಟ್ರೆ ಕೆಟ್ಟಿರಿ, ಯಾಕಂದ್ರೆ ಆಗ ‘ಎವಾಕ್ಯುಎನ್’ ಅಂತ ಬೇರೆ ರೂಪದಲ್ಲಿ ಕ್ರಿಯಾಪದ ಇತ್ತು. -ಏಟ್ ಅಂತ ಮುಗಿಯೋ ಕ್ರಿಯಾಪದಗಳು ಬಹಳಷ್ಟು ತಡವಾಗಿ ಲ್ಯಾಟಿನ್ ಕೃದಂತದಿಂದ ಮಾಡ್ಕೊಂಡಂಥವು.

ಡಿಕ್ಷನರಿ ಬಳಸೋ ಸಣ್ಣ ಉಪಾಯ: -ಇಂಗ್ ಪದಗಳನ್ನ ಅದು ಬೇರೆ ನಮೂದಾಗಿ ಕೊಟ್ಟು ಪಕ್ಕದಲ್ಲಿ ಜಿ-ಇ-ಆರ್ (ಜೆರಂಡ್, ಅಂದ್ರೆ -ಇಂಗ್ ನಾಮಪದ, ಅನ್ನೋದ್ರ ಮೊಟಕು) ಅಂತ ಗುರುತು ಹಾಕಿರತ್ತೆ, -ಶನ್ ಪದಗಳ ತಲೆಬರಹ ಐ-ಓ-ಯು-ಎನ್ ಅಂತ ಮುಗಿಯತ್ತೆ. ಇದು ಗೊತ್ತಿಲ್ದೆ ಇವತ್ತಿನ ಸ್ಪೆಲಿಂಗ್ ಟೈಪ್ ಮಾಡಿದ್ರೆ ಬೇಕಾದ್ದು ಸಿಗದೇ ಹೋಗ್ಬೋದು.

ಮತ್ತೆ -ಶನ್ ಇಂಗ್ಲಿಷಲ್ಲಿ ನಿಜವಾಗ್ಲೂ ಬೇರು ಬಿಟ್ಟಿದ್ದು ಎಲ್ಲಿ ಅಂದ್ರೆ ಜೋಡಿಗಳು ಕಣ್ಣಿಗೆ ಹೊಡೆಯೋ ಹಾಗೆ ಸಾಲಾಗಿ ಬಂದ ಜಾಗದಲ್ಲಿ. ಮಂಡಿಫೈ–ಮಂಡಿಫಿಕೇಶನ್ (ಗಾಯ ಶುಚಿ ಮಾಡೋದು), ಸ್ಕ್ಯಾರಿಫೈ–ಸ್ಕ್ಯಾರಿಫಿಕೇಶನ್ (ಚರ್ಮದ ಮೇಲೆ ಗೀರು ಹಾಕೋದು), ಮೊಲಿಫೈ–ಮೊಲಿಫಿಕೇಶನ್ (ಗಟ್ಟಿಯಾಗಿದ್ದನ್ನ ಮೆತ್ತಗೆ ಮಾಡೋದು). ಹತ್ತು ಜೋಡಿ ನೋಡಿದ ಮೇಲೆ ಹನ್ನೊಂದನೇದನ್ನ ಲ್ಯಾಟಿನ್ ನೋಡ್ದೇನೇ ಯಾರು ಬೇಕಾದ್ರೂ ಕಟ್ಬೋದು. ಕಾಟರೈಸ್–ಕಾಟರೈಸೇಶನ್ ಕೂಡ ಇದೇ ತರ. ಆದ್ರೂ ಅಪ್ಪಟ ಇಂಗ್ಲಿಷ್ ಬುಡಕ್ಕೆ -ಏಶನ್ ಅಂಟಿಸೋ ಧೈರ್ಯ ಈ ಕಾಲದೋರು ಮಾಡಿದ್ದು ಕಾಣಲ್ಲ. ಸ್ಟಾರ್ವೇಶನ್ ತರದ ಬೆರಕೆ ಬಂದಿದ್ದು 18ನೇ ಶತಮಾನದಲ್ಲಿ. ಅಂದ್ರೆ ದೇಸಿ ಬಾಲ ಎಲ್ಲಾ ಬುಡಕ್ಕೂ ಅಂಟತ್ತೆ, ಪರದೇಸಿ ಬಾಲ ಪರದೇಸಿ ಬುಡಕ್ಕೆ ಮಾತ್ರ. ನಮ್ಮಲ್ಲೂ ಹಾಗೇ ಅಲ್ವಾ, ಛೇದಿಸುವಿಕೆ ಅಂತೀವಿ, ಕೊಯ್ಯನ ಅನ್ನಲ್ಲ.

ಮುಂದಿನ ಕೆಲಸ, ಜೋಡಿ ಹುಡುಕಿ. ಒಂದೇ ಪಠ್ಯದಲ್ಲಿ ಒಂದೇ ಕ್ರಿಯೆಗೆ ಎರಡೆರಡು ಹೆಸರು ಇರತ್ತೆ: ಪ್ಯೂಟ್ರಿಫ್ಯಾಕ್ಷನ್ ಮತ್ತು ರಾಟಿಂಗ್, ಮ್ಯಾಚುರೇಶನ್ ಮತ್ತು ರೈಪಿಂಗ್ (ಕುರು ಹಣ್ಣಾಗೋದು), ಡೈಜೆಶ್ಚನ್ ಮತ್ತು ಜೀರ್ಣ ಅನ್ನೋ ಅರ್ಥದಲ್ಲಿ ಈಗ ಸತ್ತುಹೋಗಿರೋ ‘ಡಿಫೈಯಿಂಗ್’, ಇನ್‌ಫ್ಲೇಶನ್ ಮತ್ತು ‘ಬೋಲ್ನಿಂಗ್’ (ಬಾತ್ಕೊಳ್ಳೋದು). ಅನುವಾದಕರು ಬಹಳ ಸಲ ಎರಡನ್ನೂ ‘ಆರ್’ ಹಾಕಿ ಅಕ್ಕಪಕ್ಕ ಕೂರಿಸ್ತಾರೆ, ಇಲ್ಲಾ ‘ದ್ಯಾಟ್ ಈಸ್ ಟು ಸೇ’ ಅಂತ ಹೇಳಿ ದೇಸಿ ಪದದಲ್ಲಿ ಬಿಡಿಸ್ತಾರೆ. ಹಾಗಾಗಿ ‘ಆರ್’ ಮತ್ತು ‘ದ್ಯಾಟ್ ಈಸ್’ ಇರೋ ಸಾಲುಗಳನ್ನೇ ಮೊದ್ಲು ಹೆಕ್ಕಿದ್ರೆ ಅರ್ಧ ಕೆಲಸ ಆದಂಗೆ.

ಎರಡರ ನಡುವೆ ಕೆಲಸ ಹೇಗೆ ಹಂಚ್ಕೊಂಡಿದಾವೆ ಅನ್ನೋದು ಇಡೀ ವಿಷಯದಲ್ಲಿ ನನಗೆ ಇಷ್ಟವಾದ ಭಾಗ. -ಶನ್ ಪದ ತಲೆಬರಹದಲ್ಲಿ, ವ್ಯಾಖ್ಯೆಯಲ್ಲಿ, ವಿಧ ಎಣಿಸೋ ಕಡೆ ಚೆನ್ನಾಗಿ ಹೊಂದತ್ತೆ, ಯಾಕಂದ್ರೆ ಅದು ಪದ್ಧತಿಗೆ ಇಟ್ಟ ಹೆಸರು. -ಇಂಗ್ ಪದ ಕೈ ಕೆಲಸಕ್ಕೆ ಹತ್ರ, ಯಾರೋ ಒಬ್ಬ ನಿಂತು ಮಾಡ್ತಿರೋ ಕೆಲಸ ಅದ್ರಲ್ಲಿ ಕಾಣತ್ತೆ. ಇದು ಕಲ್ಲಲ್ಲಿ ಕೆತ್ತಿದ ನಿಯಮ ಅಲ್ಲ, ಒಲವು ಅಷ್ಟೇ, ಬ್ಲಡ್‌ಲೆಟ್ಟಿಂಗ್ ಮೇಲೇ ಇಡೀ ಪುಸ್ತಕ ಬರೆದೋರಿದಾರೆ. ಆದ್ರೆ -ಇಂಗ್‌ಗೆ ಒಂದು ವಿಶೇಷ ಶಕ್ತಿ ಬಂತು, ಅದು -ಶನ್‌ಗೆ ಯಾವತ್ತೂ ಬರ್ಲಿಲ್ಲ. ರಕ್ತ ತೆಗೆಯೋದು ಅನ್ನಕ್ಕೆ ಮೂರು ರಚನೆ ಮಾಡ್ಬೋದು: ‘ದ ಲೆಟ್ಟಿಂಗ್ ಆಫ್ ಬ್ಲಡ್’, ‘ಬ್ಲಡ್ ಲೆಟ್ಟಿಂಗ್’, ಮತ್ತು ಸುಮ್ನೆ ‘ಲೆಟ್ಟಿಂಗ್ ಬ್ಲಡ್’. ಮೊದಲನೇದು ಪಕ್ಕಾ ನಾಮಪದ, ಎರಡನೇದು ಸಮಾಸ, ಮೂರನೇದ್ರಲ್ಲಿ ‘ಆಫ್’ ಬಿದ್ದುಹೋಗಿ ಕರ್ಮ ನೇರವಾಗಿ ಬಂದಿದೆ, ಅಂದ್ರೆ ಅದು ಅರ್ಧ ಕ್ರಿಯಾಪದ. ‘ಇನ್ಸಿಶನ್ ದ ವೂಂಡ್’ ಅಂತ ಯಾರೂ ಬರೆಯಕ್ಕಾಗಲ್ಲ. ನಿಮ್ಮ ಪಟ್ಟಿಯಲ್ಲಿ ಪ್ರತಿ -ಇಂಗ್ ಪದದ ಮುಂದೆ ‘ಆಫ್’ ಇದ್ಯಾ ಇಲ್ವಾ, ಹಿಂದೆ ‘ದ’ ಇದ್ಯಾ ಅಂತ ಗುರುತು ಹಾಕ್ಕೊಳ್ಳಿ, ಆಮೇಲೆ ಬಹಳ ಕೆಲಸಕ್ಕೆ ಬರತ್ತೆ.

ಇದ್ರ ಜೊತೆ ತಲೆನೋವೂ ಇದೆ. ಹಳೇ ಕಾಲದಲ್ಲಿ ವರ್ತಮಾನ ಕೃದಂತಕ್ಕೆ -ಎಂಡೆ ಅನ್ನೋ ಬೇರೆ ಬಾಲ ಇತ್ತು, ಪ್ರದೇಶಕ್ಕೆ ತಕ್ಕ ಹಾಗೆ -ಇಂಡೆ, -ಆಂಡ್ ಅಂತಾನೂ ಬರ್ತಿತ್ತು. ಮಧ್ಯಕಾಲ ಮುಗಿಯೋ ಹೊತ್ತಿಗೆ ಅದೂ -ಇಂಗ್ ಆಗಿಹೋಯ್ತು. ಹಾಗಾಗಿ ಕಂಪ್ಯೂಟರಲ್ಲಿ -ಇಂಗ್ ಅಂತ ಹುಡುಕಿದ್ರೆ ‘ಉರಿಯುವ ಜ್ವರ’ ಮತ್ತು ‘ಉರಿಯುವಿಕೆ’ ಎರಡೂ ಒಟ್ಟಿಗೇ ಬಂದು ಬೀಳ್ತವೆ. ಕೈಯಲ್ಲೇ ಬೇರೆ ಮಾಡ್ಬೇಕು, ಶಾರ್ಟ್‌ಕಟ್ ಇಲ್ಲ.

ಅರ್ಥದ ಜಾರುಬಂಡೆ ಬಗ್ಗೆನೂ ಎಚ್ಚರ. ಕ್ರಿಯೆಗೆ ಇಟ್ಟ ಹೆಸರು ನಿಧಾನಕ್ಕೆ ಅದ್ರ ಫಲಕ್ಕೆ, ವಸ್ತುಗೆ ಅಂಟ್ಕೊಳ್ಳತ್ತೆ. ನಮ್ಮ ‘ಬಾವು’ ನೋಡಿ, ಬಾತ್ಕೊಳ್ಳೋದೂ ಬಾವೇ, ಬಾತ್ಕೊಂಡಿರೋ ಗಡ್ಡೆನೂ ಬಾವೇ, ಸ್ವೆಲ್ಲಿಂಗ್ ಕತೆನೂ ಅದೇ. ಔಷಧಿ ತಯಾರಿಸೋ ಕಡೆಗೆ ಬಂದ್ರಂತೂ ಕೇಳ್ಲೇಬೇಡಿ. ಡಿಕಾಕ್ಷನ್ ಅಂದ್ರೆ ಮೂಲದಲ್ಲಿ ಕುದಿಸೋ ಕೆಲಸ, ಆಮೇಲೆ ಕುದಿಸಿದ ಕಷಾಯ. ಕನ್‌ಫೆಕ್ಷನ್ ಅಂದ್ರೆ ಬೆರೆಸಿ ತಯಾರಿಸೋದು, ಆಮೇಲೆ ತಯಾರಾದ ಲೇಹ್ಯ. ಲೋಶನ್ ಅಂದ್ರೆ ತೊಳೆಯೋದು, ಪೋಶನ್ ಅಂದ್ರೆ ಕುಡಿಯೋದು, ಎರಡೂ ಕೊನೆಗೆ ಬಾಟ್ಲಿ ಒಳಗೆ ಸೇರ್ಕೊಂಡ್ವು. ಅದೇ ಕುಡಿಯೋದು ಅನ್ನೋ ಲ್ಯಾಟಿನ್ ‘ಪೋತಿಯೋ’ ಫ್ರೆಂಚ್ ಬಾಯಲ್ಲಿ ಸವೆದು ‘ಪಾಯ್ಸನ್’ ಆಗಿದೆ, ಒಂದೇ ಗರ್ಭದ ಅವಳಿ.

ಹಾಗಾದ್ರೆ ಒಂದು ಸಾಲಲ್ಲಿ ಇದು ಕ್ರಿಯೆನಾ ವಸ್ತುನಾ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು? ಪಕ್ಕದ ಪದ ನೋಡಿ. ‘ಮೇಕ್’ ಜೊತೆ ಬಂದು ಮಾಡೋನು ಸರ್ಜನ್ ಆಗಿದ್ರೆ ಸಾಮಾನ್ಯವಾಗಿ ಕ್ರಿಯೆ. ‘ಆಫ್ಟರ್’, ‘ಬಿಫೋರ್’, ‘ಇನ್ ದ ಟೈಮ್ ಆಫ್’ ಅಂತ ಕಾಲ ಹೇಳೋ ಪದ ಇದ್ರೆ ಕ್ರಿಯೆ. ಬಹುವಚನದಲ್ಲಿದ್ರೆ, ‘ಲೇ’ ಅಂದ್ರೆ ಇದನ್ನ ಮೇಲೆ ಇಡು ಅಂತಿದ್ರೆ, ‘ಗಿವ್’ ಅಂತಿದ್ರೆ, ಬಣ್ಣ ಗಾತ್ರ ಹೇಳ್ತಿದ್ರೆ ವಸ್ತು ಅನ್ನೋ ಕಡೆ ವಾಲತ್ತೆ. ಎರಡೂ ಹೊಂದೋ ಸಾಲುಗಳು ಸಿಕ್ಕೇ ಸಿಗ್ತವೆ, ಅವಕ್ಕೊಂದು ‘ಸಂಶಯ’ ಅನ್ನೋ ಕಾಲಂ ಇಡಿ, ಬಲವಂತ ಮಾಡ್ಬೇಡಿ.

ಬಾಲ ನೋಡಿ ಮೋಸ ಹೋಗೋ ಪದಗಳೂ ಇದಾವೆ. ಕಾಂಪ್ಲೆಕ್ಷನ್ ಅಂದ್ರೆ ಆ ಪುಸ್ತಕಗಳಲ್ಲಿ ಮೈಬಣ್ಣ ಅಲ್ಲ, ದೇಹದ ಬಿಸಿ ತಂಪು ಒಣಗು ತೇವ ಇವುಗಳ ಹದ, ಅದು ಸ್ಥಿತಿ, ಕ್ರಿಯೆ ಅಲ್ಲ. ಪ್ಯಾಶನ್ ಅಂದ್ರೆ ಅನುಭವಿಸೋ ನೋವು, ರೋಗ. ಇವನ್ನ ಎಣಿಕೆಗೆ ಸೇರಿಸಿದ್ರೆ ಲೆಕ್ಕ ಉಬ್ಬತ್ತೆ.

ಉಳಿದ ಪ್ರತ್ಯಯಗಳನ್ನ ಬೇಗ ಮುಗಿಸ್ತೀನಿ. -ಮೆಂಟ್ ವೈದ್ಯಕೀಯದಲ್ಲಿ ಹೆಚ್ಚಾಗಿ ವಸ್ತು ಇಲ್ಲಾ ಸಾಧನದ ಕಡೆ, ಆಯಿಂಟ್‌ಮೆಂಟ್, ಮೆಡಿಕಮೆಂಟ್, ನರಿಶ್‌ಮೆಂಟ್ ತರ. -ಅನ್ಸ್, -ಎನ್ಸ್ ಕಡೆ ಆಬ್‌ಸ್ಟಿನೆನ್ಸ್ (ತಿನ್ನದೇ ಬಿಡೋದು) ಅಂಥವು ಪಥ್ಯದ ಅಧ್ಯಾಯದಲ್ಲಿ ಸಿಗ್ತವೆ. ಗ್ರೀಕ್‌ನಿಂದ ಲ್ಯಾಟಿನ್ ಮೂಲಕ ಬಂದ -ಸಿಸ್ ಕೂಡ ಗ್ರೀಕ್ ಒಳಗೆ ಕ್ರಿಯಾನಾಮದ ಪ್ರತ್ಯಯನೇ: ತೀರ್ಮಾನಿಸು ಅನ್ನೋದ್ರಿಂದ ಕ್ರೈಸಿಸ್, ಸಡಿಲ ಆಗೋದ್ರಿಂದ ಪ್ಯಾರಾಲಿಸಿಸ್, ಆದ್ರೆ ಇಂಗ್ಲಿಷ್ ಓದುಗನಿಗೆ ಅದ್ರ ಒಳಗಿನ ಕ್ರಿಯಾಪದ ಕಾಣ್ತಾನೇ ಇರ್ಲಿಲ್ಲ, ಅವನಿಗದು ಬರೀ ರೋಗದ್ದೋ ರೋಗದ ಹಂತದ್ದೋ ಹೆಸರು.

ಹುಡುಕೋ ಸಾಮಗ್ರಿ ವಿಚಾರ. ಹೆಲ್ಸಿಂಕಿ ಯೂನಿವರ್ಸಿಟಿಯೋರು ಮಾಡಿರೋ ಕಾರ್ಪಸ್‌ಗಳು (ಕಂಪ್ಯೂಟರಲ್ಲಿ ಹುಡುಕೋ ಹಾಗೆ ಒಟ್ಟುಮಾಡಿದ ಹಳೇ ವೈದ್ಯ ಪಠ್ಯಗಳು) ಇದಕ್ಕೆ ಹೇಳಿಮಾಡಿಸಿದ ಹಾಗಿವೆ, ಒಂದು 1375ರಿಂದ 1500, ಸುಮಾರು 5 ಲಕ್ಷ ಪದ, ಇನ್ನೊಂದು 1500ರಿಂದ 1700, ಸುಮಾರು 20 ಲಕ್ಷ ಪದ. ಹುಡುಕಕ್ಕೆ ಆಂಟ್‌ಕಾಂಕ್ ಅನ್ನೋ ಸಾಫ್ಟ್‌ವೇರ್ ಫ್ರೀ ಇದೆ. ಮುಖ್ಯ ಗೋಳು ಸ್ಪೆಲಿಂಗ್. -ಶನ್ ಒಂದನ್ನೇ ಸಿ-ಐ-ಓ-ಯು-ಎನ್, ಸಿ-ಐ-ಓ-ಎನ್, ಸಿ-ವೈ-ಓ-ಎನ್, ಟಿ-ಐ-ಓ-ಎನ್ ಅಂತ ಮನಸ್ಸಿಗೆ ಬಂದಂಗೆ ಬರೀತಿದ್ರು, -ಇಂಗ್‌ಗೆ ಐ ಬದ್ಲು ವೈ, ಕೊನೇಲಿ ಒಂದು ಇ ಇದ್ರೂ ಇರ್ಬೋದು ಇಲ್ದೇನೂ ಇರ್ಬೋದು. ಎಲ್ಲಾ ರೂಪಕ್ಕೂ ವೈಲ್ಡ್‌ಕಾರ್ಡ್ (ಯಾವ ಅಕ್ಷರ ಬಂದ್ರೂ ಹಿಡಿಯೋ ಚಿಹ್ನೆ) ಹಾಕಿ, ಬಂದ ಕಸನ ಆಮೇಲೆ ಗುಡಿಸಿ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದಮೇಲೂ ಈ ಗೊಂದಲ ತಕ್ಷಣ ನಿಲ್ಲಲಿಲ್ಲ, ನಿಧಾನಕ್ಕೆ ಲ್ಯಾಟಿನ್ ನೋಡ್ಕೊಂಡು ಟಿ-ಐ-ಓ-ಎನ್ ಗೆಲ್ತು.

ಎಣಿಸೋಕೆ ಮುಂಚೆ ಪಠ್ಯದ ಜಾತಿ ನೋಡೋದು ಮರೀಬೇಡಿ, ಇದನ್ನ ಬಿಟ್ರೆ ಅಂಕಿಸಂಖ್ಯೆ ಎಲ್ಲಾ ನೀರಲ್ಲಿ ಹೋಮ. ಮನೆಮದ್ದಿನ ಪುಸ್ತಕ ಪೂರ್ತಿ ‘ತಗೋ, ಕುಟ್ಟು, ಸೋಸು, ಕುಡಿಸು’ ಅನ್ನೋ ವಿಧಿರೂಪದಲ್ಲೇ ನಡಿಯತ್ತೆ, ಅಲ್ಲಿ ಕ್ರಿಯಾನಾಮಕ್ಕೆ ಕೆಲಸ ಕಮ್ಮಿ. ಶಸ್ತ್ರಚಿಕಿತ್ಸೆ ಗ್ರಂಥದಲ್ಲಿ, ಮೂತ್ರ ನಾಡಿ ಜ್ವರ ಅಂತ ಒಂದೊಂದೇ ವಿಷಯದ ಶಾಸ್ತ್ರಗ್ರಂಥದಲ್ಲಿ ಅದು ತುಂಬಿ ತುಳುಕತ್ತೆ. 15ನೇ ಶತಮಾನದ ಮದ್ದಿನ ಪುಸ್ತಕವನ್ನ 17ನೇ ಶತಮಾನದ ಸರ್ಜರಿ ಗ್ರಂಥದ ಜೊತೆ ಹೋಲಿಸಿ -ಶನ್ ಜಾಸ್ತಿ ಆಯ್ತು ಅಂದ್ರೆ, ಬದಲಾಗಿದ್ದು ಕಾಲನೋ ಪುಸ್ತಕದ ಜಾತಿನೋ ಹೇಳಕ್ಕಾಗಲ್ಲ. ಸರ್ಜರಿ ಜೊತೆ ಸರ್ಜರಿನೇ ಇಡಿ. ಉದಾಹರಣೆಗೆ ಒಂದು ಕಡೆ ಲಾನ್‌ಫ್ರಾಂಕ್‌ನ ಇಂಗ್ಲಿಷ್ ಅನುವಾದ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ ಹಡಗುಗಳ ಸರ್ಜನ್ನುಗಳಿಗೆ ಅಂತ ಜಾನ್ ವುಡಾಲ್ 1617ರಲ್ಲಿ ಅಚ್ಚು ಹಾಕಿಸಿದ ಕೈಪಿಡಿ. ವುಡಾಲ್ ಕೈಕಾಲು ಕತ್ತರಿಸೋದಕ್ಕೆ ‘ಡಿಸ್‌ಮೆಂಬರಿಂಗ್’ ಅಂತಾನೂ ಬರೀತಾನೆ, ‘ಆಂಪ್ಯುಟೇಶನ್’ ಅಂತಾನೂ ಬರೀತಾನೆ, ಶುರು ಮಾಡೋರಿಗೆ ಈ ಒಂದು ಜೋಡಿನೇ ಸಾಕು: ಎರಡೂ ಎಲ್ಲೆಲ್ಲಿ ಬಂದಿದೆ, ತಲೆಬರಹದಲ್ಲಾ, ಗರಗಸ ಹಿಡಿಯೋ ವಿಧಾನ ಹೇಳೋ ಸಾಲಲ್ಲಾ, ಮುಂದೆ ‘ಆಫ್’ ಇದ್ಯಾ, ಮಾಡೋನು ಯಾರು ಅಂತ ಹೇಳಿದಾನಾ, ಇಷ್ಟನ್ನ ಒಂದು ಶೀಟಲ್ಲಿ ಹಾಕ್ಕೊಂಡು ಆಮೇಲೆ ಉಳಿದ ಪದಗಳಿಗೆ ಕೈ ಹಾಕಿ.